ಸಹಾಯ ಬೇಕು: ಅನುದಾನದ ಅರ್ಜಿಗೆ ಶೆಲ್ಫ್‌ಮಾರ್ಕ್ (ಗ್ರಂಥಾಲಯದಲ್ಲಿ ಹಸ್ತಪ್ರತಿ ಗುರುತಿಸೋ ಸಂಖ್ಯೆ) ಎಷ್ಟು ನಿಖರವಾಗಿರಬೇಕು?

ಎಲ್ಲರಿಗೂ ನಮಸ್ಕಾರ, ಸಾಗರದಿಂದ ಬರೀತಿದ್ದೀನಿ. ವಿಷಯ ಕೆಳದಿ ಶಿವಪ್ಪನಾಯಕನ ಶಿಸ್ತು, ಅಂದ್ರೆ ಭೂಕಂದಾಯ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರೋ ಮೆಕೆಂಜಿ ಸಂಗ್ರಹದ (ಬ್ರಿಟಿಷ್ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿ ಕೂಡಿಸಿದ ಹಸ್ತಪ್ರತಿಗಳು) ಇಂಗ್ಲಿಷ್ ಅನುವಾದಗಳನ್ನ ನೋಡೋಕೆ 4 ವಾರದ ಪ್ರಯಾಣ ಅನುದಾನಕ್ಕೆ ಅರ್ಜಿ ಹಾಕ್ಬೇಕು. ವಿಮಾನ, ವೀಸಾ, ವಸತಿ, ಪ್ರತಿ ತೆಗೆಸೋ ಶುಲ್ಕ ಎಲ್ಲ ಬೇರೆಬೇರೆ ತೋರಿಸಿ ಬಜೆಟ್ ಮಾಡಿದೀನಿ. ಶಿಫಾರಸು ಪತ್ರಾನೂ ಬಂದಿದೆ.

ಸಿಕ್ಕಿಹಾಕಿಕೊಂಡಿರೋದು ಒಂದೇ ಕಡೆ. ಯಾವ ಹಸ್ತಪ್ರತಿ ನೋಡ್ತೀರಿ, ಅಲ್ಲಿಗೇ ಯಾಕೆ ಹೋಗ್ಬೇಕು ಅಂತ ಅರ್ಜಿಯಲ್ಲಿ ಕೇಳಿದಾರೆ. ಎಚ್.ಎಚ್. ವಿಲ್ಸನ್ 1828ರಲ್ಲಿ ಅಚ್ಚು ಹಾಕಿಸಿದ ಈ ಸಂಗ್ರಹದ ಪಟ್ಟಿ ಹಿಡಿದು ಹುಡುಕಿದೆ. ಅದರ ಕ್ರಮಸಂಖ್ಯೆಯನ್ನ ಈಗಿನ ಶೆಲ್ಫ್‌ಮಾರ್ಕಿಗೆ ತಾಳೆ ಹಾಕೋಕೆ ಆಗ್ತಿಲ್ಲ. ಮೇಲಾಗಿ ಒಂದೇ ಸಂಪುಟದಲ್ಲಿ ಹತ್ತಾರು ಊರಿನ ಕೈಫಿಯತ್ತು (ಊರಿನ ಚರಿತ್ರೆ, ವಿವರ ಬರೆದಿಟ್ಟ ದಾಖಲೆ) ಸೇರಿಕೊಂಡಿದ್ರೆ ಹಾಳೆ ಸಂಖ್ಯೆ ಇಲ್ಲಿಂದ ಗೊತ್ತಾಗಲ್ಲ. ಕನ್ನಡ ಕೈಫಿಯತ್ತುಗಳು ಚೆನ್ನೈನ ಸರ್ಕಾರಿ ಹಸ್ತಪ್ರತಿ ಗ್ರಂಥಾಲಯದಲ್ಲೇ ಇರೋದ್ರಿಂದ "ಚೆನ್ನೈ ಸಾಕಲ್ವಾ" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಗದ್ದೆ, ತೋಟದ ತೆರಿಗೆ ಪದಗಳನ್ನ ಅನುವಾದಕರು ಹೇಗೆ ತಿರುಗಿಸಿದ್ರು ಅಂತ ಹೋಲಿಸೋದೇ ನನ್ನ ಕೆಲಸ, ಅದಕ್ಕೆ ಕನ್ನಡ ಮೂಲ, ಇಂಗ್ಲಿಷ್ ಅನುವಾದ ಎರಡೂ ಬೇಕು.

ಇಂಥ ಅನುದಾನ ಪಡೆದವರು ದಯವಿಟ್ಟು ತಿಳಿಸಿ: ಸಂಪುಟ ಸಂಖ್ಯೆ, ಹಳೇ ಪಟ್ಟಿಯ ಶೀರ್ಷಿಕೆ ಕೊಟ್ರೆ ಸಾಕಾ, ಅಥವಾ ಮೊದಲು ಗ್ರಂಥಪಾಲಕರಿಗೆ ಬರೆದು ಹಾಳೆ ಸಂಖ್ಯೆ ತರಿಸಿಕೊಂಡೇ ಅರ್ಜಿ ಹಾಕ್ಬೇಕಾ?