ಅಪ್‌ಡೇಟ್: ಆಯಿಯ ಟ್ರಂಕಿನ ಬೆಳ್ಳಿ ತಂತಿಗಳು ನಾಣ್ಯಗಳೇ!

ಹೋದ ತಿಂಗಳು ಕೇಳಿದ್ದೆ: ವಿಜಯಪುರದ ನಮ್ಮ ಹಳೇ ಮನೆಯಲ್ಲಿ, ಆಯಿಯ ಟ್ರಂಕಿನೊಳಗೆ ಹೇರ್‌ಪಿನ್ನಿನಂತೆ ಮಡಚಿದ ಮೂರು ಬೆಳ್ಳಿ ತಂತಿ ಸಿಕ್ಕಿವೆ, ಮೇಲೆ ಏನೋ ಅಕ್ಷರ ಇವೆ, ಪತ್ತಾರರು ಕರಗಿಸೋಣ ಅಂತಾರೆ, ಏನು ಮಾಡಲಿ?

ಬೇಡ ಅಂದವರಿಗೆಲ್ಲ ಕೈಮುಗಿಯುತ್ತೇನೆ. ಅವು ಲಾರಿನ್ ನಾಣ್ಯಗಳು. ಪರ್ಷಿಯಾದ ಲಾರ್ ಊರಿನಿಂದ ಬಂದ ಹೆಸರು. ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ಓಡಾಡಿದ ದುಡ್ಡು. ಪರ್ಷಿಯನ್ ಬಲ್ಲ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಅರ್ಧ ತಾಸು ನೋಡಿ, ಒಂದರ ಮೇಲೆ ಅಲಿ ಆದಿಲ್ ಷಾ ಹೆಸರು ಓದಿದರು. 1656ರಿಂದ 1672ರವರೆಗೆ ವಿಜಯಪುರವನ್ನು ಆಳಿದ ಸುಲ್ತಾನ, ಎರಡನೇ ಅಲಿ. ಅವನ ಸಮಾಧಿ ಇರುವ ಬಾರಾ ಕಮಾನಿನ ಮುಂದೆ ದಿನಾ ಹಾದು ಹೋಗುತ್ತೇನೆ ನಾನು. ಅವತ್ತು ಒಳಗೆ ಹೋಗಿ, ಆ ಅರೆಬರೆ ಕಮಾನುಗಳ ಕೆಳಗೆ ಬಹಳ ಹೊತ್ತು ಕೂತೆ.

ಒಂದು ನೋವು ಉಳಿದಿದೆ. ನಿಮ್ಮ ಉತ್ತರ ಬರುವ ಮೊದಲೇ ಅವ್ವ ಒಂದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಫಳಫಳ ಹೊಳೆಯುತ್ತದೆ, ಅಕ್ಷರ ಮಾತ್ರ ಸವೆದಿವೆ. ಹಳೇ ಬೆಳ್ಳಿಯ ಕಪ್ಪು ಕೊಳೆಯಲ್ಲ, ದಯವಿಟ್ಟು ತೊಳೆಯಬೇಡಿ. ಮೆತ್ತನೆಯ ಪಿವಿಸಿ ಕವರಿನಲ್ಲೂ ಇಡಬೇಡಿ, ಅದು ಲೋಹವನ್ನು ತಿನ್ನುತ್ತದೆ. ನಾನು ಆಮ್ಲರಹಿತ ಕಾಗದದ ಲಕೋಟೆಗಳಿಗೆ ಹಾಕಿದೆ.

ವಿದೇಶಕ್ಕೆ ಕಳಿಸುತ್ತೇನೆ, ಒಳ್ಳೇ ಬೆಲೆ ಕೊಡುತ್ತೇನೆ ಎಂದು ಒಬ್ಬರು ಫೋನ್ ಮಾಡಿದ್ದರು. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಒಲ್ಲೆ ಅಂದೆ.

ಟ್ರಂಕಿನ ಹಳೇ ಪತ್ರಿಕೆಗಳನ್ನು ಟೇಪ್ ಹಚ್ಚದೆ, ಬಿಡಿಸಿ ಬಿಸಿಲು ತಾಗದ ಕಡೆ ಇಟ್ಟಿದ್ದೇನೆ. ಇನ್ನುಳಿದ ಎರಡು ಲಾರಿನ್ ಓದಿಸಬೇಕು.