ಥಿಯೇಟರ್ ಪಟ್ಟಿ ಕೀಳಬೇಕಾ, ಬಿಡಬೇಕಾ? ಮಾವನ ಟ್ರಂಕಿನಲ್ಲಿ ಸಿಕ್ಕ ಎರಡು ಪೋಸ್ಟರ್

ರಾಜಾಜಿನಗರದವಳು:
ನಮಸ್ಕಾರ. ನನ್ನ ಸೋದರಮಾವ ಗಾಂಧಿನಗರದಲ್ಲಿ ಒಬ್ಬ ಹಂಚಿಕೆದಾರರ ಹತ್ತಿರ ರೆಪ್ರೆಸೆಂಟೇಟಿವ್ ಆಗಿದ್ದರು. ಸಿನಿಮಾ ಡಬ್ಬದ ಜೊತೆ ಊರೂರಿಗೆ ಹೋಗಿ, ಟಿಕೆಟ್ ಲೆಕ್ಕ ನೋಡಿಕೊಂಡು ಬರುವ ಕೆಲಸ. ಹೋದ ತಿಂಗಳು ಅವರ ಮನೆ ಖಾಲಿ ಮಾಡುವಾಗ ಮಂಚದ ಕೆಳಗೆ ತಗಡಿನ ಟ್ರಂಕ್ ಸಿಕ್ಕಿತು. ಅದರಲ್ಲಿ ‘ಬಂಗಾರದ ಮನುಷ್ಯ’ದ ಎರಡು ಪೋಸ್ಟರ್. ಎರಡೂ ಸುಮಾರು 30 ಇಂಚು ಅಗಲ, 40 ಇಂಚು ಉದ್ದ.

ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಒಂದರ ಕೆಳತುದಿಯ ವಿಳಾಸದಲ್ಲಿ ‘ಬೆಂಗಳೂರು-9’ ಅಂತಿದೆ, ಇನ್ನೊಂದರಲ್ಲಿ ‘ಬೆಂಗಳೂರು-560 009’. ಮೊದಲನೆಯದರ ಕೆಂಪು ಇಟ್ಟಿಗೆ ಬಣ್ಣಕ್ಕಿದೆ, ಎರಡನೆಯದು ಕುಂಕುಮದ ಹಾಗೆ. ಮೊದಲನೆಯದಕ್ಕೆ ಹಳದಿ ಕಾಗದದ ಪಟ್ಟಿ ಬೇರೆ ಅಂಟಿಸಿದ್ದಾರೆ. ಟೂರಿಂಗ್ ಟಾಕೀಸ್, ‘ದಿನಾ 2 ಆಟಗಳು’. ಊರಿನ ಹೆಸರಿದ್ದ ತುದಿ ಹರಿದುಹೋಗಿದೆ.

ಅವೆನ್ಯೂ ರಸ್ತೆಯಲ್ಲಿ ಹಳೇ ಕಾಗದ ಮಾರುವವರೊಬ್ಬರಿಗೆ ಫೋಟೋ ತೋರಿಸಿದೆ. ‘ಪಟ್ಟಿ ಕಿತ್ತು ಲ್ಯಾಮಿನೇಷನ್ ಮಾಡಿಸಿ, ಆಗ ಬೆಲೆ ಬರುತ್ತೆ’ ಎಂದರು. ನನಗೆ ಮಾರುವ ಆಸೆ ಇಲ್ಲ. ಯಾವುದು ಮೊದಲಿನದು? ಪಟ್ಟಿ ತೆಗೆಯಬೇಕಾ?

ಹಳೇ ಮೆಜೆಸ್ಟಿಕ್:
ದಯವಿಟ್ಟು ಕೀಳಬೇಡಿ! ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಮೊದಲು ವಯಸ್ಸಿನ ವಿಷಯ. ಸಿನಿಮಾ ಬಂದದ್ದು 1972ರ ಮಾರ್ಚ್‌ನಲ್ಲಿ. ಪಿನ್ ಕೋಡ್ ಶುರುವಾದದ್ದು ಅದೇ ವರ್ಷ ಆಗಸ್ಟ್ 15ಕ್ಕೆ. ಅಂದರೆ 560 009 ಇರುವ ಹಾಳೆ ಮೊದಲ ವಾರಗಳದ್ದಾಗಿರಲು ಸಾಧ್ಯವಿಲ್ಲ. ಹಾಗಂತ ಅದು ಮರುಬಿಡುಗಡೆಯದೇ ಅಂತಲೂ ಹೇಳಲಾಗದು. ಕೆ.ಜಿ. ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ಈ ಸಿನಿಮಾ ಎರಡು ವರ್ಷ ಓಡಿದೆ, ಅಷ್ಟು ದಿನದಲ್ಲಿ ಪೋಸ್ಟರ್ ಮತ್ತೆ ಅಚ್ಚು ಹಾಕಿಸಿರಬಹುದು. ಇನ್ನು ‘ಬೆಂಗಳೂರು-9’ ಅಂತ ಇದ್ದ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ. ಪಿನ್ ಬಂದ ಮೇಲೂ ಜನ ತುಂಬಾ ವರ್ಷ ಹಾಗೇ ಬರೆಯುತ್ತಿದ್ದರು. ಎಲ್ಲಾದರೂ ‘ಮೈಸೂರು ರಾಜ್ಯ’ ಅಂತ ಅಚ್ಚಾಗಿದೆಯಾ ನೋಡಿ. ರಾಜ್ಯದ ಹೆಸರು ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಅದು ಇದ್ದರೆ ಬಹುಮಟ್ಟಿಗೆ ಗಟ್ಟಿ. ಕೆಂಪು ಬಣ್ಣವನ್ನು ನಂಬಬೇಡಿ, ಒಂದು ಮುದ್ರಣದಿಂದ ಇನ್ನೊಂದಕ್ಕೆ ಇಂಕು ಬದಲಾಗುತ್ತಿತ್ತು.

ಈಗ ಪಟ್ಟಿ. ಆಗ ನಮ್ಮ ಸಿನಿಮಾದ ಕೆಲಸವೆಲ್ಲ ಹೆಚ್ಚಾಗಿ ಮದ್ರಾಸಿನಲ್ಲಿ ನಡೆಯುತ್ತಿತ್ತು. ಪೋಸ್ಟರ್ ಅಲ್ಲೋ ಶಿವಕಾಶಿಯಲ್ಲೋ ಅಚ್ಚಾಗಿ ಗಾಂಧಿನಗರಕ್ಕೆ ಕಟ್ಟುಕಟ್ಟಾಗಿ ಬರುತ್ತಿತ್ತು. ಬೆಂಗಳೂರಿಗೂ ಅದೇ ಹಾಳೆ, ಕೋಲಾರಕ್ಕೂ ಅದೇ ಹಾಳೆ. ಅದರಲ್ಲಿ ಊರಿನದು ಅಂತ ಇರುವುದು ಆ ಪಟ್ಟಿ ಒಂದೇ. ಆ ಊರಿನ ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ, ಸಿಕ್ಕ ಬಣ್ಣದ ಅಗ್ಗದ ಕಾಗದದ ಮೇಲೆ ಒತ್ತಿದ್ದು. ನಾನು 30 ವರ್ಷದಿಂದ ಪೋಸ್ಟರ್ ಕೂಡಿಡುತ್ತಿದ್ದೇನೆ. ಶುರುವಿನಲ್ಲಿ ನಾನೂ 11 ಪಟ್ಟಿ ನೀರು ಹಚ್ಚಿ ಕಿತ್ತೆ. ಆ ಹಾಳೆಗಳು ಯಾವ ಊರಿನಲ್ಲಿದ್ದವು ಅಂತ ಇವತ್ತು ಯಾರೂ ಹೇಳಲಾರರು. ಆ ಸಂಕಟ ನಿಮಗೆ ಬೇಡ.

ಕಾಗದದ ಕೆಲಸದವನು:
ನಾನು ಹಳೇ ಪುಸ್ತಕ, ನಕ್ಷೆ ರಿಪೇರಿ ಮಾಡುತ್ತೇನೆ. ಲ್ಯಾಮಿನೇಷನ್‌ನಲ್ಲಿ ಪ್ಲಾಸ್ಟಿಕ್ ಬಿಸಿಗೆ ಕರಗಿ ಕಾಗದದ ನಾರಿಗೇ ಕೂರುತ್ತದೆ. ಮತ್ತೆ ಬಿಡಿಸಲು ಹೋದರೆ ಚಿತ್ರವೂ ಅದರ ಜೊತೆ ಬರುತ್ತದೆ. ಸೆಲ್ಲೋ ಟೇಪೂ ಬೇಡ, ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ.

ಪಟ್ಟಿಗೆ ಹಚ್ಚಿದ್ದು ಮೈದಾ ಅಂಟು ಇರಬೇಕು. ಅದು ಬೆಳ್ಳಿಮೀನು ಹುಳಕ್ಕೂ ಜಿರಳೆಗೂ ಊಟ. ಅದಕ್ಕೇ ತಿಂಗಳಿಗೊಮ್ಮೆ ತೆಗೆದು ನೋಡಿ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ. ಮಡಿಕೆಯಲ್ಲೇ ಹರಿಯುವುದು ಜಾಸ್ತಿ, ಆದ್ದರಿಂದ ಬಿಚ್ಚಿ ಚಪ್ಪಟೆಯಾಗಿ ಆಮ್ಲರಹಿತ ಕಾಗದದ ನಡುವೆ ಇಡಿ. ಹರಿದ ಕಡೆ ಹಿಂದಿನಿಂದ ತೆಳು ಜಪಾನಿ ಕಾಗದ, ಗೋಧಿ ಗಂಜಿ ಸಾಕು. ನೀರು ತಾಗಿಸಿದರೆ ಬಿಡುವಂಥ ಅಂಟೇ ಬೇಕು. ಆದರೆ ಅದನ್ನು ಕಲಿತವರ ಕೈಯಲ್ಲಿ ಮಾಡಿಸಿ.

ಒಂದು ಮಾತು. ಪಟ್ಟಿ ಇರುವ ಜಾಗಕ್ಕೆ ಮುಂದಿನಿಂದ ಟಾರ್ಚ್ ಬಿಟ್ಟು, ಹಿಂದಿನಿಂದ ನೋಡಿ. ಒಂದು ಊರಿನಲ್ಲಿ ಮಿಕ್ಕ ಪೋಸ್ಟರ್ ಡಬ್ಬದ ಜೊತೆ ಮುಂದಿನ ಊರಿಗೆ ಹೋದದ್ದುಂಟು. ಆಗ ಹಳೇ ಪಟ್ಟಿಯ ಮೇಲೇ ಹೊಸದನ್ನು ಅಂಟಿಸುತ್ತಿದ್ದರು.

ಬಳ್ಳಾರಿ ಗಡಿ:
ಪಟ್ಟಿಯ ಮಹಿಮೆಗೆ ನಮ್ಮ ಕಡೆಯದೊಂದು ಉದಾಹರಣೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಮರುವರ್ಷ ‘ಬೇಡರ ಕಣ್ಣಪ್ಪ’ ಬಂತು, ಅದೇ ವರ್ಷ ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು. ಎರಡರಲ್ಲೂ ರಾಜ್‌ಕುಮಾರ್ ಅವರೇ ನಾಯಕ. ಅವರು ಹಾಗೆ ನಾಯಕರಾದ ತೆಲುಗು ಸಿನಿಮಾ ಅದೊಂದೇ. ನಮ್ಮ ಗಡಿಯಲ್ಲಿ ಎರಡು ಭಾಷೆಯ ಪೋಸ್ಟರೂ ಒಂದೇ ಗೋಡೆಯಲ್ಲಿ ಇರುತ್ತಿದ್ದವು. ನನ್ನ ಹತ್ತಿರ ತೆಲುಗು ಪೋಸ್ಟರೊಂದಿದೆ, ಬೇರೆ ಸಿನಿಮಾದ್ದು. ಕೆಳಗಿನ ಪಟ್ಟಿ ಪೂರ್ತಿ ಕನ್ನಡ. ಪಟ್ಟಿ ಕಿತ್ತರೆ ಅದು ಬೆಜವಾಡದ್ದೂ (ಈಗಿನ ವಿಜಯವಾಡ) ಆಗಬಹುದು, ಗುಂತಕಲ್ಲಿನದ್ದೂ ಆಗಬಹುದು. ಪಟ್ಟಿ ಇರುವುದರಿಂದ ಅದು ನಮ್ಮದು.

ರಾಜಾಜಿನಗರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಮೈಸೂರು ರಾಜ್ಯ’ ಎಲ್ಲೂ ಇಲ್ಲ. ಆದರೆ ನಿನ್ನೆ ರಾತ್ರಿ ದೀಪ ಆರಿಸಿ, ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿದೆ. ಹಳದಿ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇದೆ! ಅಕ್ಷರ ತಿರುಗಾಮುರುಗಾ ಕಂಡವು. ಫೋಟೋ ತೆಗೆದು ಫೋನಿನಲ್ಲಿ ತಿರುಗಿಸಿ ಓದಿದೆ. ‘ತಿಪಟೂರು’, ಪಕ್ಕದಲ್ಲಿ ‘3ನೇ ವಾರ’.

ಅತ್ತೆಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ, ‘ಆ ಸಲ ಮೂರು ವಾರ ಮನೆಗೆ ಬಂದಿರಲಿಲ್ಲ ನಿಮ್ಮ ಮಾವ. ಬರುವಾಗ ಒಂದು ಚೀಲ ಕೊಬ್ಬರಿ ತಂದಿದ್ದರು’ ಎಂದರು.