ಮೊಟ್ಟೆ ಹಾಕದೆ ಸುಲಭವಾಗಿ ಪೀಚ್ ಕಾಬ್ಲರ್ ಮಾಡುವುದು ಹೇಗೆ?

ಹಾಸನದ ಹುಡುಗಿ, ಆಲ್ಫರೆಟ್ಟಾ

ಎಲ್ಲರಿಗೂ ನಮಸ್ಕಾರ. ನಾವು ಅಟ್ಲಾಂಟಾ ಕಡೆಗೆ ಬಂದ ಮೇಲೆ ಇದು ಮೊದಲ ಬೇಸಿಗೆ. ಜುಲೈ 4ಕ್ಕೆ ನಮ್ಮ ಬೀದಿಯವರೆಲ್ಲ ಸೇರಿ ಪಾರ್ಕ್‌ನಲ್ಲಿ ಪಾಟ್‌ಲಕ್ (ಒಬ್ಬೊಬ್ಬರು ಒಂದೊಂದು ತಿಂಡಿ ಮಾಡಿ ತರುವ ಊಟ) ಇಟ್ಟುಕೊಂಡಿದ್ದಾರೆ. ಸಿಹಿ ನನ್ನ ಪಾಲಿಗೆ ಬಂದಿದೆ. ಜಾರ್ಜಿಯಾದಲ್ಲಿ ಇದ್ದುಕೊಂಡು ಪೀಚ್ ಕಾಬ್ಲರ್, ಅಂದರೆ ಹಣ್ಣಿಗೆ ಹಿಟ್ಟು ಸೇರಿಸಿ ಓವನ್‌ನಲ್ಲಿ ಬೇಯಿಸುವ ಸಿಹಿ, ಮಾಡಬೇಕು ಅಂತ ಆಸೆ. ಅತ್ತೆ, ಮಾವ ಊರಿಂದ ಬಂದಿದ್ದಾರೆ, ಇಬ್ಬರೂ ಮೊಟ್ಟೆ ತಿನ್ನುವುದಿಲ್ಲ. ಅವರಿಗೂ ಒಂದು ಬಟ್ಟಲು ಕೊಡುವ ಹಾಗಿರಬೇಕು.

ನನ್ನ ಹತ್ತಿರ ಬೀಟರ್ ಇಲ್ಲ. 9x13 ಇಂಚಿನ ಗಾಜಿನ ಪಾತ್ರೆ ಒಂದಿದೆ. ಅಂಗಡಿಯಲ್ಲಿ ಸಿಗುವ ಪೀಚ್ ತುಂಬಾ ಗಟ್ಟಿ. ಡಬ್ಬಿಯದು ಸಾಕಾ, ಹಣ್ಣೇ ಬೇಕಾ? ಸಿಪ್ಪೆ ತೆಗೆಯಲೇಬೇಕಾ? ಏಲಕ್ಕಿ ಹಾಕಬಹುದಾ?

ಸಾಗರದವಳು, ವಾರ್ನರ್ ರಾಬಿನ್ಸ್

ಚಿಂತೆ ಬೇಡ. ಇಲ್ಲಿ ದಕ್ಷಿಣದ ಮನೆಗಳಲ್ಲಿ ಮಾಡುವ ಸುಲಭದ ಕಾಬ್ಲರ್‌ಗೆ ಮೊಟ್ಟೆ ಹಾಕುವುದೇ ಇಲ್ಲ. ಒಂದು ಕಪ್ ಹಿಟ್ಟು, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು, ಒಂದು ಸ್ಟಿಕ್ (113 ಗ್ರಾಂ) ಬೆಣ್ಣೆ. ನಮ್ಮ ಪಕ್ಕದ ಮನೆಯ ಅಜ್ಜಿ ಹೀಗೇ ಬಾಯಲ್ಲಿ ಹೇಳಿಕೊಟ್ಟರು, ಬರೆದದ್ದು ಏನೂ ಇರಲಿಲ್ಲ. ನಾನು ಹಿಟ್ಟಿನ ಸಕ್ಕರೆ ಮಾತ್ರ ಮುಕ್ಕಾಲು ಕಪ್‌ಗೆ ಇಳಿಸಿದ್ದೇನೆ.

ಮೊದಲು ಹಣ್ಣಿನ ಮಾತು, ಯಾಕೆಂದರೆ ಈ ತಿಂಡಿ ನಿಲ್ಲುವುದೇ ಅದರ ಮೇಲೆ. ನಾನಿರುವ ಊರಿಗೆ ಅಂಟಿಕೊಂಡೇ ಪೀಚ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಇದೆ. 1924ರಲ್ಲಿ ಆದದ್ದು, ಹೆಸರೇ ಹಣ್ಣಿನದು. ಮೇ ಮಧ್ಯದಲ್ಲಿ ಇಲ್ಲಿ ಕೊಯ್ಲು ಶುರು. ಮೊದಲು ಬರುವ ಹಣ್ಣುಗಳಲ್ಲಿ ತಿರುಳು ಬೀಜಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಹೆಚ್ಚುವಷ್ಟರಲ್ಲಿ ಅರ್ಧ ಹಣ್ಣು ಕೈಯಲ್ಲೇ ಪಿಚಕ್ಕನೆ ಆಗುತ್ತದೆ. ಜೂನ್ ಮುಗಿಯುವ ಹೊತ್ತಿಗೆ ಫ್ರೀಸ್ಟೋನ್ ಬರುತ್ತದೆ. ನಡುವೆ ಸುತ್ತಲೂ ಕೊಯ್ದು ತಿರುಗಿಸಿದರೆ ಎರಡು ಹೋಳಾಗಿ ಬೀಜ ಬಿಡುತ್ತದೆ. ಜಾರ್ಜಿಯಾ ಪೀಚ್‌ಗೆ ಹೆಸರು ತಂದ ಎಲ್ಬರ್ಟಾ ಕೂಡ ಇದೇ ಜಾತಿ. ಇಲ್ಲೇ ಹತ್ತಿರದ ಮಾರ್ಶಲ್‌ವಿಲ್‌ನಲ್ಲಿ ಸ್ಯಾಮ್ಯುಯೆಲ್ ರಂಫ್ ಎಂಬುವರು 1870ರ ದಶಕದಲ್ಲಿ ಬೆಳೆಸಿ, ಹೆಂಡತಿಯ ಹೆಸರನ್ನೇ ಇಟ್ಟರು. ನಿಮ್ಮ ಜುಲೈ 4ಕ್ಕೆ ಫ್ರೀಸ್ಟೋನ್ ಧಾರಾಳವಾಗಿ ಸಿಗುತ್ತದೆ. ಕೇಳಿ ತೆಗೆದುಕೊಳ್ಳಿ.

ಕೆಂಪು ಬಣ್ಣ ನೋಡಿ ಮೋಸ ಹೋಗಬೇಡಿ. ಕೆಂಪು ತಳಿಯಿಂದ ಬರುತ್ತದೆ, ಮಾಗಿದ್ದರಿಂದ ಅಲ್ಲ. ಕೆಂಪಿನ ಸಂದಿಯಲ್ಲಿ ಕಾಣುವ ಬಣ್ಣ ಹಳದಿಯಾಗಿರಬೇಕು, ಹಸಿರು ಇದ್ದರೆ ಬಿಡಿ. ತೊಟ್ಟಿನ ಹತ್ತಿರ ಮೂಸಿದರೆ ಘಮ ಬರಬೇಕು. ಗಟ್ಟಿ ಇದ್ದರೆ ಕಾಗದದ ಚೀಲದಲ್ಲಿ ಹಾಕಿ ಒಂದೆರಡು ದಿನ ಹೊರಗೇ ಇಡಿ. ಮಾಗುವ ಮೊದಲು ಫ್ರಿಜ್‌ಗೆ ಇಟ್ಟರೆ ತಿರುಳು ಹಿಟ್ಟುಹಿಟ್ಟಾಗುತ್ತದೆ. ಬಿಳಿ ಪೀಚ್ ಬೇಡ. ಅದರಲ್ಲಿ ಹುಳಿ ಕಮ್ಮಿ, ಬೇಯಿಸಿದರೆ ಬರೀ ಸಪ್ಪೆ ಸಿಹಿ.

ಸಿಪ್ಪೆ ನಾನು ತೆಗೆಯುತ್ತೇನೆ, ಬೆಂದ ಮೇಲೆ ಅದು ಸುರುಳಿಯಾಗಿ ಬಾಯಿಗೆ ಸಿಗುತ್ತದೆ. ಹಣ್ಣಿನ ತುದಿಗೆ ಚಾಕುವಿನಿಂದ ಅಡ್ಡ, ಉದ್ದ ಗೀರಿ. ಕುದಿಯುವ ನೀರಿಗೆ ಅರ್ಧ ನಿಮಿಷ ಹಾಕಿ, ತೆಗೆದು ಐಸ್ ನೀರಿಗೆ ಬಿಡಿ. ಕೈಯಲ್ಲೇ ಸುಲಿಯಬಹುದು.

ಆರೇಳು ಹಣ್ಣು ಹೆಚ್ಚಿದರೆ ನಾಲ್ಕು ಕಪ್ ಆಗುತ್ತದೆ. ಒಂದು ಹೋಳು ತಿಂದು ನೋಡಿ, ಆಮೇಲೆ ಸಕ್ಕರೆ ಹಾಕಿ. ಚೆನ್ನಾಗಿ ಮಾಗಿದ್ದರೆ ಕಾಲು ಕಪ್ ಸಾಕು, ಹುಳಿ ಇದ್ದರೆ ಅರ್ಧ ಕಪ್. ಒಂದು ಚಮಚ ನಿಂಬೆರಸ ಬೆರೆಸಿ ಪಕ್ಕಕ್ಕಿಡಿ.

ಇನ್ನು ಹಿಟ್ಟು. ಒಂದು ಕಪ್ ಮೈದಾ, ಅಂದರೆ ಇಲ್ಲಿನ ಆಲ್ ಪರ್ಪಸ್. ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಹಾಲು. ಸೌಟಿನಲ್ಲಿ ಕಲಸಿದರೆ ಸಾಕು, ಬೀಟರ್ ಬೇಕಿಲ್ಲ. ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಮಂದ ಇರಲಿ. ಸೆಲ್ಫ್ ರೈಸಿಂಗ್ ಹಿಟ್ಟು ತಂದರೆ ಬೇಕಿಂಗ್ ಪೌಡರ್, ಉಪ್ಪು ಎರಡೂ ಬೇಡ.

ಅಜ್ಜಿ ಕಬ್ಬಿಣದ ಬಾಣಲೆಯನ್ನು ಬೆಣ್ಣೆ ಸಮೇತ ಓವನ್‌ಗೆ ಇಟ್ಟು ಕರಗಿಸುತ್ತಿದ್ದರು. ನಿಮ್ಮದು ಗಾಜು, ಹಾಗೆ ಮಾಡಬೇಡಿ. ಕಾದ ಗಾಜಿಗೆ ತಣ್ಣನೆ ಹಾಲಿನ ಹಿಟ್ಟು ಬಿದ್ದರೆ ಒಡೆಯಬಹುದು. ಬೆಣ್ಣೆ 113 ಗ್ರಾಂ ಬೇರೆ ಕರಗಿಸಿ ಪಾತ್ರೆಗೆ ಸುರಿಯಿರಿ. ಅದರ ಮೇಲೆ ಹಿಟ್ಟು. ಹಿಟ್ಟಿನ ಮೇಲೆ ಹಣ್ಣು. ಇಲ್ಲಿಗೆ ಸೌಟು ಕೆಳಗಿಡಿ. ಕಲಕಬಾರದು. ಹಣ್ಣು ಭಾರ, ಕೆಳಗೆ ಇಳಿಯುತ್ತದೆ. ಹಿಟ್ಟು ಉಬ್ಬಿ ಅದರ ಮೇಲೆ ಏರುತ್ತದೆ. ಬೆಣ್ಣೆ ಅಂಚಿಗೆ ಸರಿದು ಹಿಟ್ಟಿನ ಅಂಚನ್ನು ಕರಿದ ಹಾಗೆ ಗರಿಗರಿ ಮಾಡುತ್ತದೆ. ಕಲಕಿದರೆ ಆ ಅಂಚು ಸಿಗುವುದಿಲ್ಲ, ಮೆತ್ತನೆಯ ಕೇಕ್ ಆಗುತ್ತದೆ ಅಷ್ಟೆ. ಪಾಟ್‌ಲಕ್‌ನಲ್ಲಿ ಮೊದಲು ಖಾಲಿಯಾಗುವುದು ಆ ಅಂಚೇ!

350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 45ರಿಂದ 50 ನಿಮಿಷ. ಗಡಿಯಾರಕ್ಕಿಂತ ಬಣ್ಣ ನೋಡಿ. ಮೇಲೆ ಹೊಂಬಣ್ಣ ಬಂದು, ಅಂಚಿನಲ್ಲಿ ರಸ ದಪ್ಪ ಗುಳ್ಳೆ ಹೊಡೆಯುತ್ತಿರಬೇಕು. ತೆಗೆದು ಅರ್ಧ ಗಂಟೆ ಬಿಟ್ಟರೆ ರಸ ಗಟ್ಟಿಯಾಗುತ್ತದೆ.

ಡಬ್ಬಿ ಪೀಚ್ ತಪ್ಪಲ್ಲ. 2023ರಲ್ಲಿ ಚಳಿಗಾಲ ಬೆಚ್ಚಗಿತ್ತು, ಮರಗಳಿಗೆ ಬೇಕಾದ ಚಳಿ ಸಿಗಲಿಲ್ಲ. ಆಮೇಲೆ ಮಾರ್ಚ್‌ನಲ್ಲಿ ಹಿಮ ಕೊರೆಯಿತು. ಜಾರ್ಜಿಯಾದ ಬೆಳೆ ನೂರಕ್ಕೆ 90ಕ್ಕಿಂತ ಜಾಸ್ತಿ ಹೋಯಿತು. ಆ ವರ್ಷ ನಾನು ಫ್ರೋಜನ್ ಪೀಚ್‌ನಲ್ಲೇ ಮಾಡಿದೆ. ಪೂರ್ತಿ ಕರಗಿಸಿ ನೀರು ಸೋಸಬೇಕು. ಡಬ್ಬಿಯದಾದರೆ ಹಣ್ಣಿನ ರಸದಲ್ಲಿ ಇರುವುದನ್ನು ತನ್ನಿ, ಪಾಕದಲ್ಲಿ ಇರುವುದು ಬೇಡ. ಅದನ್ನೂ ಸೋಸಿ, ಹಣ್ಣಿಗೆ ಬೇರೆ ಸಕ್ಕರೆ ಹಾಕಬೇಡಿ. ಆದರೆ ಜುಲೈನಲ್ಲಿ ಜಾರ್ಜಿಯಾದಲ್ಲಿ ಕೂತು ಡಬ್ಬಿ ಯಾಕೆ, ಅಲ್ವಾ?

ಏಲಕ್ಕಿ ದಯವಿಟ್ಟು ಬೇಡ. ಒಳ್ಳೆಯ ಪೀಚ್‌ನ ಘಮವನ್ನು ಅದು ನುಂಗಿಬಿಡುತ್ತದೆ.

ಕೋಲಾರ ಟು ಗ್ರೀನ್‌ವಿಲ್

ಅಕ್ಕ ಹೇಳಿದ್ದು ಸರಿ, ಆದರೆ ಪೀಚ್ ಅಂದರೆ ಜಾರ್ಜಿಯಾ ಒಂದೇ ಅಲ್ಲ. ನಮ್ಮ ಸೌತ್ ಕೆರೊಲಿನಾದಲ್ಲಿ ಜಾರ್ಜಿಯಾಗಿಂತ ಜಾಸ್ತಿ ಪೀಚ್ ಬೆಳೆಯುತ್ತಾರೆ. ಎರಡಕ್ಕಿಂತಲೂ ಮುಂದೆ ಕ್ಯಾಲಿಫೋರ್ನಿಯಾ ಇದೆ. ಐ-85 ಹೆದ್ದಾರಿಯಲ್ಲಿ ಷಾರ್ಲೆಟ್ ಕಡೆಗೆ ಹೋದರೆ ಗ್ಯಾಫ್ನಿಯಲ್ಲಿ ಪೀಚ್ ಆಕಾರದ ನೀರಿನ ಟ್ಯಾಂಕ್ ಕಾಣುತ್ತದೆ, 1981ರಲ್ಲಿ ಕಟ್ಟಿದ್ದು. ಅತ್ತೆ, ಮಾವನಿಗೆ ತೋರಿಸಿ.

ನನಗೆ ಬಿಸ್ಕಿಟ್ (ನಮ್ಮ ಬಿಸ್ಕತ್ತಲ್ಲ, ಇಲ್ಲಿನ ಮೆತ್ತನೆಯ ಬನ್ನಿನಂಥದ್ದು) ಹೊದಿಸಿದ ಕಾಬ್ಲರ್ ಇಷ್ಟ. ಮೈದಾಗೆ ತಣ್ಣನೆಯ ಬೆಣ್ಣೆ ಉದುರಿಸಿ, ಮಜ್ಜಿಗೆಯಲ್ಲಿ ಕಲಸಿ, ಉಂಡೆ ಉಂಡೆಯಾಗಿ ಬಿಸಿ ಹಣ್ಣಿನ ಮೇಲೆ ಇಡುವುದು. ಅದರಲ್ಲೂ ಮೊಟ್ಟೆ ಇಲ್ಲ. ಚಿಟಿಕೆ ಜಾಯಿಕಾಯಿ ಪುಡಿ ನಾನಂತೂ ಹಾಕುತ್ತೇನೆ.

ಸಾಗರದವಳು, ವಾರ್ನರ್ ರಾಬಿನ್ಸ್

ಜಾಯಿಕಾಯಿ ಒಪ್ಪುತ್ತೇನೆ, ಚಿಟಿಕೆ ಮಾತ್ರ. ಬಿಸ್ಕಿಟ್‌ನದು ರುಚಿಯೇ. ಆದರೆ ಮೊದಲ ಸಲ ಮಾಡುವವರಿಗೆ, ಅದೂ ಮನೆ ತುಂಬಾ ಜನ ಇರುವಾಗ, ಸುರಿದು ಓವನ್‌ಗೆ ತಳ್ಳುವುದೇ ಒಳ್ಳೆಯದು.

ಜಯನಗರ 4ನೇ ಬ್ಲಾಕ್

ಬೆಂಗಳೂರಿನವರಿಗೂ ಒಂದು ಮಾತು. ಇಲ್ಲಿಗೆ ಬೇಸಿಗೆ ಕೊನೆಯಲ್ಲಿ ಹಿಮಾಚಲದ ಕಡೆಯಿಂದ ಪೀಚ್ ಬರುತ್ತದೆ, ಆದರೆ ಸುಮಾರು ಹಣ್ಣು ಗಟ್ಟಿ ಇರುವಾಗಲೇ ಕಿತ್ತದ್ದು. ನಾನು ಇದೇ ಹಿಟ್ಟಿಗೆ ಮಾವಿನಹಣ್ಣು ಹಾಕಿ ಮಾಡುತ್ತೇನೆ. ರಸಪುರಿ ಬೇಡ, ನೀರಾಗುತ್ತದೆ. ತೋತಾಪುರಿ ಹಣ್ಣಾದದ್ದು ಸೊಗಸಾಗಿ ನಿಲ್ಲುತ್ತದೆ, ಹುಳಿಯೂ ಇರುತ್ತದೆ. ಬಾದಾಮಿ ಆದರೆ ಹಣ್ಣಿಗೆ ಸಕ್ಕರೆ ಪೂರ್ತಿ ಬಿಡಿ. ಒಟಿಜಿಯಲ್ಲಿ (ಮೇಜಿನ ಮೇಲಿಡುವ ಚಿಕ್ಕ ಓವನ್) ಮೇಲಿನ, ಕೆಳಗಿನ ಎರಡೂ ಕಡ್ಡಿ ಉರಿಸಿ, 180 ಡಿಗ್ರಿ ಸೆಲ್ಸಿಯಸ್. ಅಮೂಲ್‌ನ ಮಾಮೂಲಿ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಹಿಟ್ಟಿಗೆ ಬೇರೆ ಉಪ್ಪು ಬೇಡ.

ಹಾಸನದ ಹುಡುಗಿ, ಆಲ್ಫರೆಟ್ಟಾ

ತುಂಬಾ ಥ್ಯಾಂಕ್ಸ್! ಗಾಜಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ಪಾಟ್‌ಲಕ್ ಮಧ್ಯಾಹ್ನ ಒಂದಕ್ಕೆ. ಹಿಂದಿನ ರಾತ್ರಿಯೇ ಮಾಡಿಡಬಹುದಾ?

ಸಾಗರದವಳು, ವಾರ್ನರ್ ರಾಬಿನ್ಸ್

ಪೂರ್ತಿ ಮಾಡಿಡಬೇಡಿ, ರಾತ್ರಿಯಿಡೀ ರಸ ಕುಡಿದು ಮೇಲಿನ ಪದರ ಮೆತ್ತಗಾಗುತ್ತದೆ. ಹಿಂದಿನ ದಿನ ಸಿಪ್ಪೆ ತೆಗೆದು ಹೆಚ್ಚಿ, ನಿಂಬೆರಸ ಬೆರೆಸಿ, ಮುಚ್ಚಿ ಫ್ರಿಜ್‌ನಲ್ಲಿ ಇಡಿ. ಸಕ್ಕರೆ ಬೆಳಿಗ್ಗೆ ಹಾಕಿ, ರಾತ್ರಿಯೇ ಹಾಕಿದರೆ ರಸ ಜಾಸ್ತಿ ಬಿಡುತ್ತದೆ. ಮೈದಾ, ಬೇಕಿಂಗ್ ಪೌಡರ್, ಉಪ್ಪು, ಸಕ್ಕರೆ ಒಂದು ಬಟ್ಟಲಲ್ಲಿ ಬೆರೆಸಿಟ್ಟುಕೊಳ್ಳಿ. ಹಾಲು, ಹಣ್ಣು ಎರಡನ್ನೂ ಒಂದು ಗಂಟೆ ಮೊದಲು ಹೊರಗೆ ತೆಗೆದಿಡಿ. ಹನ್ನೊಂದು ಗಂಟೆಗೆ ಓವನ್‌ಗೆ ಹೋದರೆ ಸರಿಯಾಗುತ್ತದೆ. ಬಿಸಿ ಇರುವಾಗ ಫಾಯಿಲ್ ಬಿಗಿಯಾಗಿ ಮುಚ್ಚಬೇಡಿ, ಹಬೆಗೆ ಗರಿ ಹೋಗುತ್ತದೆ. ಮೇಲೆ ಒಂದು ತೆಳು ಬಟ್ಟೆ ಹಾಕಿ ಒಯ್ಯಿರಿ.

ಜೊತೆಗೆ ವೆನಿಲಾ ಐಸ್‌ಕ್ರೀಮ್ ಬೇಕೇ ಬೇಕು. ಅದನ್ನು ಕೊಳ್ಳುವಾಗ ಡಬ್ಬದ ಹಿಂದೆ ಓದಿ. ಫ್ರೆಂಚ್ ವೆನಿಲಾ ಅಂತ ಬರೆದದ್ದರಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಹಳದಿ ಇರುತ್ತದೆ. ಕೆಲವು ಮಾಮೂಲಿ ವೆನಿಲಾದಲ್ಲೂ ಹಾಕುತ್ತಾರೆ. ಅತ್ತೆ, ಮಾವನಿಗೆ ಮೊಟ್ಟೆ ಇಲ್ಲದ್ದನ್ನೇ ನೋಡಿ ತನ್ನಿ.